ಹೋಲಿಕೆ ಸಿಕ್ಕಿತು ಸರಿ, ಸಾಕ್ಷಿ ಎಲ್ಲಿ?

ನಮಸ್ಕಾರ.

ನಿಮ್ಮ ಲೇಖನ ಎರಡು ಸಲ ಓದಿದೆ. ಕ್ರೀಡೆಯ ಫೋಟೋಗಳು ಆಧುನಿಕ ಚಿತ್ರಕಲೆಯೊಳಗೆ ಎಲ್ಲೆಲ್ಲಿ ನುಸುಳಿವೆ ಅಂತ ಹುಡುಕುತ್ತಾ ಹೋಗಿದ್ದೀರಿ. ವಿಷಯ ಚೆನ್ನಾಗಿದೆ. ಆದರೆ ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಕಾರಣ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹದಿನಾಲ್ಕು ಮಂದಿ ಕಲಾವಿದರು, ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ಪ್ರತಿ ಪ್ಯಾರಾದ ಕೊನೆಗೂ ‘ಇದು ಇಂಥ ಫೋಟೋದ ಪ್ರಭಾವ’ ಎಂಬ ತೀರ್ಪು. ಭಂಗಿ ಹೋಲಿದರೆ ಸಾಕಾ? ಇಬ್ಬರು ಗುದ್ದಾಡುವಾಗ ಕೈ ಬೀಸುವ ರೀತಿ ಇರುವುದೇ ನಾಲ್ಕಾರು. ಜಾರ್ಜ್ ಬೆಲೋಸ್ 1909ರಲ್ಲಿ ಬರೆದ ಬಾಕ್ಸಿಂಗ್ ಚಿತ್ರ ‘ಸ್ಟ್ಯಾಗ್ ಅಟ್ ಶಾರ್ಕೀಸ್’ಗೂ ಪತ್ರಿಕೆಯ ಫೋಟೋ ಮೂಲ ಎಂದಿದ್ದೀರಿ. ಅವರ ಸ್ಟುಡಿಯೋ ಇದ್ದದ್ದೇ ನ್ಯೂಯಾರ್ಕ್‌ನ ಆ ಕ್ಲಬ್ಬಿನ ಎದುರಿಗೆ. ರಸ್ತೆ ದಾಟಿದರೆ ಪಂದ್ಯ!

ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ಬಗೆಗಿನ ಪ್ಯಾರಾ ತೆಗೆದುಬಿಡಿ. 1977ರ ‘ಅಥ್ಲೀಟ್ಸ್’ ಸರಣಿಗೆ ಅವರೇ ಪೋಲರಾಯ್ಡ್ ಕ್ಯಾಮೆರಾದಲ್ಲಿ ಫೋಟೋ ತೆಗೆದುಕೊಂಡರು. ಅಲ್ಲಿ ಮುಹಮ್ಮದ್ ಅಲಿ ಇದ್ದಾರೆ, ಪೆಲೆ ಇದ್ದಾರೆ, ಆಟ ಇಲ್ಲ.

ಇನ್ನು ಕುದುರೆ. ನಿಮ್ಮ ಲೇಖನದ ಚಿನ್ನ ಇರುವುದು ಅಲ್ಲೇ, ಅದನ್ನೇ ಮೂರು ಸಾಲಿನಲ್ಲಿ ಓಡಿಸಿಬಿಟ್ಟಿದ್ದೀರಿ. 1821ರಲ್ಲಿ ಫ್ರೆಂಚ್ ಚಿತ್ರಕಾರ ಜೆರಿಕೊ ಬರೆದ, ಇಂಗ್ಲೆಂಡಿನ ಎಪ್ಸಮ್ ರೇಸಿನ ಚಿತ್ರದಲ್ಲಿ ಕುದುರೆಗಳು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುತ್ತಿವೆ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಓಟದ ದಾರಿಗೆ ಅಡ್ಡಲಾಗಿ ದಾರ ಕಟ್ಟಿ, ಪಕ್ಕದಲ್ಲಿ 12 ಕ್ಯಾಮೆರಾ ಸಾಲಾಗಿ ಇಟ್ಟರು. ಫೋಟೋ ನೋಡಿದರೆ, ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಚಾಚಿದಾಗ ಅಲ್ಲ, ಹೊಟ್ಟೆಯಡಿ ಮಡಚಿಕೊಂಡಾಗ. ‘ಫೋಟೋ ಚಿತ್ರಕಾರರ ತಪ್ಪು ತಿದ್ದಿತು’ ಅಂತ ಬರೆದು ನೀವು ಮುಂದೆ ಹೋದಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಜವಾಗಿ ಓಡುತ್ತಿರುವುದು ಯಾವುದು? ನನ್ನ ಕಣ್ಣಿಗೆ ಜೆರಿಕೊನ ಸುಳ್ಳು ಕುದುರೆಯೇ. ಮೈಬ್ರಿಜ್‌ನ ಕುದುರೆ ಇದ್ದಲ್ಲೇ ಮುದುಡಿದ ಹಾಗೆ ಕಾಣುತ್ತದೆ. ಆಮೇಲೆ ಫ್ರೆಂಚ್ ಚಿತ್ರಕಾರ ಡೆಗಾ ಈ ಫೋಟೋಗಳನ್ನು ನೋಡಿ ಕುದುರೆ ಬರೆದರಲ್ವಾ? ನಿಜ ಗೊತ್ತಾದ ಮೇಲೆ ಓಟವನ್ನು ಹೇಗೆ ತೋರಿಸುವುದು ಎಂಬ ಪೇಚು ಅವರಿಗೆ ಬಂತು. ಅದನ್ನು ಬರೆಯಿರಿ.

ಸಾಕ್ಷಿ ಗಟ್ಟಿಯಾಗಿ ಸಿಗುವುದು ಚಿತ್ರಕಾರ ಫ್ರಾನ್ಸಿಸ್ ಬೇಕನ್ ಹತ್ತಿರ. ಅವರು 1992ರಲ್ಲಿ ತೀರಿಕೊಂಡ ಮೇಲೆ ಲಂಡನ್ನಿನ ಸ್ಟುಡಿಯೋವನ್ನು ಕಸದ ಸಮೇತ ಡಬ್ಲಿನ್ನಿಗೆ ಸಾಗಿಸಿದರು. ಅದರಲ್ಲಿ 7000ಕ್ಕೂ ಹೆಚ್ಚು ವಸ್ತುಗಳು. ಹರಿದ, ಬಣ್ಣ ಮೆತ್ತಿದ ಮೈಬ್ರಿಜ್ ಫೋಟೋ ಹಾಳೆಗಳೂ ಇದ್ದವು. ಮೈಬ್ರಿಜ್‌ನ ಕುಸ್ತಿಪಟುಗಳು ಹಗಲು ಬೆಳಕಿನಲ್ಲಿ, ಚೌಕುಳಿ ಗೆರೆಗಳ ಮುಂದೆ ಪಟ್ಟು ಹಾಕುತ್ತಾರೆ. ಬೇಕನ್ ಬರೆದ 1953ರ ‘ಟೂ ಫಿಗರ್ಸ್’ನಲ್ಲಿ ಅದೇ ಪಟ್ಟು ಕತ್ತಲೆಯ ಕೋಣೆಯ ಬಿಳಿ ಹಾಸಿಗೆಗೆ ಬಂದಿದೆ, ಮುಖಗಳು ಕಲಸಿಹೋಗಿವೆ. ಕುಸ್ತಿಯೋ ಪ್ರಣಯವೋ ಹೇಳಲಾಗದು. ನೀವು ‘ಇಲ್ಲಿಂದ ತೆಗೆದುಕೊಂಡರು’ ಅಂತ ಸುಮ್ನೆ ನಿಲ್ಲಿಸಿದ್ದೀರಿ. ತೆಗೆದುಕೊಂಡು ಏನು ಮಾಡಿದರು ಅನ್ನುವುದೇ ಓದುಗನಿಗೆ ಬೇಕು.

ಹದಿನಾಲ್ಕರಲ್ಲಿ ಡೆಗಾ, ಬೇಕನ್ ಇಬ್ಬರೇ ಸಾಕು. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಫ್ರೆಂಚ್ ಚಿತ್ರಕಾರ ಡೆಲೋನೆಯ ರಗ್ಬಿ ಚಿತ್ರ ಬಿಡಲು ಮನಸ್ಸಿಲ್ಲದಿದ್ದರೆ ಇರಲಿ. ಆದರೆ ಅದರ ಹಿಂದಿನ ಐಫೆಲ್ ಗೋಪುರದ ಬಗ್ಗೆ ಬರೆದದ್ದು ಜಾಸ್ತಿಯಾಯಿತು. ಚೆಂಡಿಗಾಗಿ ಮೇಲಕ್ಕೆ ಹಾರಿದ ಆ ಆಟಗಾರನ ಬಗ್ಗೆ ಒಂದು ಸಾಲೂ ಇಲ್ಲ.