ಒಡೆದರೂ ಶಕ್ತಿ, ಬೆಸೆದರೂ ಶಕ್ತಿ: ನ್ಯೂಕ್ಲಿಯಸ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪಿಯುಸಿ, ಬಿಎಸ್ಸಿ ವಿದ್ಯಾರ್ಥಿಗಳದ್ದು. ಕೇಳಿದ್ದು ಬೇರೆ ಬೇರೆಯಾದರೂ ಎಡವಿರುವ ಜಾಗ ಮಾತ್ರ ಒಂದೇ. ಮೊದಲಿದ್ದ ಕಣಗಳ ದ್ರವ್ಯರಾಶಿ ಎಷ್ಟು, ಆಮೇಲೆ ಉಳಿದದ್ದು ಎಷ್ಟು ಅಂತ ಕೂತು ಕೂಡಿ ಕಳೆದು ನೋಡಿಲ್ಲ. ಹಾಗಾಗಿ ಈ ಉತ್ತರಗಳಲ್ಲಿ ಅಂಕಿಗಳು ಸ್ವಲ್ಪ ಜಾಸ್ತಿ. ಪೆನ್ನು, ಹಾಳೆ ಹಿಡಿದೇ ಓದಿ. ಕಣಗಳ ರಾಶಿಯನ್ನು ಎಂಇವಿ, ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ ಕೊಟ್ಟಿದ್ದೇನೆ. ಪ್ರೋಟಾನ್ 938.27, ನ್ಯೂಟ್ರಾನ್ 939.57, ಎಲೆಕ್ಟ್ರಾನ್ 0.51. ಈ ಮೂರನ್ನು ಹಾಳೆಯ ಮೇಲ್ಗಡೆ ಬರೆದಿಟ್ಟುಕೊಂಡರೆ ಸಾಕು.

ಪ್ರಶ್ನೆ: ಸರ್, ಯುರೇನಿಯಂ ಒಡೆದರೂ ಶಕ್ತಿ ಬರುತ್ತೆ, ಹೈಡ್ರೋಜನ್ ಬೆಸೆದರೂ ಶಕ್ತಿ ಬರುತ್ತೆ ಅಂತ ಪುಸ್ತಕದಲ್ಲಿದೆ. ಒಡೆದಾಗ ಬರುವುದಾದರೆ ಸೇರಿಸುವಾಗ ಖರ್ಚಾಗಬೇಕಲ್ವಾ? ಇನ್ನೊಂದು, ಕಬ್ಬಿಣದ ಬಂಧನ ಶಕ್ತಿ ತುಂಬಾ ಜಾಸ್ತಿ ಅಂತಾರೆ. ಹಾಗಿದ್ದರೆ ಕಬ್ಬಿಣದಿಂದಲೇ ಯಾಕೆ ವಿದ್ಯುತ್ ತೆಗೆಯಬಾರದು?
(ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ)

ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ. ಗೊಂದಲದ ಬೇರು ಅಲ್ಲೇ ಇದೆ. ಬಂಧನ ಶಕ್ತಿ ಅಂದರೆ ನ್ಯೂಕ್ಲಿಯಸ್ ಒಳಗೆ ಕೂಡಿಟ್ಟ ಶಕ್ತಿ ಅಂತ ನೀವು ತಿಳಿದಿದ್ದೀರಿ. ಅದು ಒಳಗೆ ಇರುವ ಶಕ್ತಿ ಅಲ್ಲ, ಆಗಲೇ ಹೊರಗೆ ಹೋಗಿಬಿಟ್ಟಿರುವ ಶಕ್ತಿ. ಬಾವಿಗೆ ಬಿದ್ದ ಕೊಡವನ್ನು ನೆನೆಸಿಕೊಳ್ಳಿ. ಬಾವಿ ಆಳವಾದಷ್ಟೂ ಕೊಡವನ್ನು ಮೇಲೆತ್ತಲು ಕಷ್ಟ ಜಾಸ್ತಿ. ಆ ಕಷ್ಟದ ಅಳತೆಯೇ ಬಂಧನ ಶಕ್ತಿ. ಕಬ್ಬಿಣದ ಪ್ರೋಟಾನ್, ನ್ಯೂಟ್ರಾನ್‌ಗಳು ಹೆಚ್ಚುಕಡಿಮೆ ಬಾವಿಯ ತಳದಲ್ಲಿವೆ. ಅಲ್ಲಿಂದ ಇನ್ನೂ ಕೆಳಗೆ ಬೀಳಲು ಜಾಗ ಇಲ್ಲ. ಆದ್ದರಿಂದ ಕಬ್ಬಿಣವನ್ನು ಒಡೆದರೂ ಬೆಸೆದರೂ ನಮಗೆ ಏನೂ ಸಿಗುವುದಿಲ್ಲ. ನಾವೇ ಕೈಯಿಂದ ಹಾಕಬೇಕು.

ಈಗ ಲೆಕ್ಕ. ಹೀಲಿಯಂ ನ್ಯೂಕ್ಲಿಯಸ್‌ನಲ್ಲಿ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್. ಬಿಡಿಬಿಡಿಯಾಗಿ ಕೂಡಿಸಿದರೆ 3755.68 ಎಂಇವಿ. ಅಳತೆ ಮಾಡಿ ನೋಡಿದರೆ ಹೀಲಿಯಂ ನ್ಯೂಕ್ಲಿಯಸ್ ಇರುವುದು 3727.38 ಮಾತ್ರ. ಕಡಿಮೆ ಬಿದ್ದದ್ದು 28.3. ನಾಲ್ಕು ಕಣಕ್ಕೆ ಹಂಚಿದರೆ ತಲಾ 7 ಎಂಇವಿಗಿಂತ ಸ್ವಲ್ಪ ಹೆಚ್ಚು. ಗಮನಿಸಿ, ಇಲ್ಲಿ ಒಂದು ಕಣವೂ ಕರಗಿ ಮಾಯವಾಗಿಲ್ಲ. ನಾಲ್ಕಿದ್ದದ್ದು ನಾಲ್ಕೇ ಇದೆ. ಒಟ್ಟಿಗೆ ಸೇರಿದಾಗ ಅವುಗಳ ಶಕ್ತಿ ಕಡಿಮೆಯಾಯಿತು, ಶಕ್ತಿ ಕಡಿಮೆಯಾದ್ದರಿಂದ ರಾಶಿಯೂ ಕಡಿಮೆ ತೋರುತ್ತದೆ. ‘ದ್ರವ್ಯ ಶಕ್ತಿಯಾಗಿ ಬದಲಾಯಿತು’ ಅಂತ ಸುಮ್ನೆ ಬರೆದುಬಿಟ್ಟರೆ ಪ್ರೋಟಾನೇ ಉರಿದು ಹೋಯಿತೇನೋ ಅನ್ನಿಸುತ್ತೆ. ಅದಕ್ಕೇ ಆ ವಾಕ್ಯ ನನಗೆ ಹಿಡಿಸುವುದಿಲ್ಲ.

ಬೇರೆ ಬೇರೆ ನ್ಯೂಕ್ಲಿಯಸ್‌ಗಳಿಗೆ ಹೀಗೇ ಲೆಕ್ಕ ಹಾಕಿದರೆ ತಲಾ ಬಂಧನ ಶಕ್ತಿ ಭಾರ ಹೈಡ್ರೋಜನ್‌ಗೆ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್) 1.1, ಕಬ್ಬಿಣ-56ಕ್ಕೆ 8.8, ಯುರೇನಿಯಂ-235ಕ್ಕೆ 7.6 ಬರುತ್ತದೆ. ಕಬ್ಬಿಣದ ಆಚೆ ಈಚೆ ಎರಡೂ ಕಡೆ ಕಡಿಮೆ. ಇದೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ. ಹಗುರ ನ್ಯೂಕ್ಲಿಯಸ್‌ಗಳು ಬೆಸೆದರೆ ಕಬ್ಬಿಣದ ಕಡೆಗೆ ಇಳಿಯುತ್ತವೆ, ಭಾರದವು ಒಡೆದರೂ ಕಬ್ಬಿಣದ ಕಡೆಗೇ ಇಳಿಯುತ್ತವೆ. ಯುರೇನಿಯಂ ಒಡೆದ ಚೂರುಗಳಲ್ಲಿ ತಲಾ ಬಂಧನ ಶಕ್ತಿ ಸುಮಾರು 8.5. ವ್ಯತ್ಯಾಸ 0.9. ಅದನ್ನು ಯುರೇನಿಯಂನ ಒಟ್ಟು ಕಣಗಳ ಸಂಖ್ಯೆ 235ರಿಂದ ಗುಣಿಸಿ: 200 ಎಂಇವಿ ಆಸುಪಾಸು ಬರುತ್ತದೆ. ಪುಸ್ತಕದಲ್ಲಿರುವ ಅಂಕಿ ಇದೇ.

ಹೀಗೆ ಎರಡು ಕಡೆ ತಗ್ಗಲು ಕಾರಣ ಇದೆ. ನ್ಯೂಕ್ಲಿಯಸ್‌ನ ಪ್ರಬಲ ಬಲ ಒಂದೆರಡು ಫೆಮ್ಟೋಮೀಟರ್ (ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಫೆಮ್ಟೋಮೀಟರ್) ದೂರದಲ್ಲಷ್ಟೇ ಕೆಲಸ ಮಾಡುತ್ತದೆ. ಹಾಗಾಗಿ ಪ್ರತಿ ಕಣಕ್ಕೂ ಅಕ್ಕಪಕ್ಕದವರ ಹಿಡಿತ ಮಾತ್ರ. ಹಗುರ ನ್ಯೂಕ್ಲಿಯಸ್‌ನಲ್ಲಿ ಹೆಚ್ಚಿನ ಕಣಗಳು ಅಂಚಿನಲ್ಲೇ ಇರುವುದರಿಂದ ಅಕ್ಕಪಕ್ಕದವರೇ ಕಡಿಮೆ. ಭಾರದ ನ್ಯೂಕ್ಲಿಯಸ್‌ನ ತೊಂದರೆ ಬೇರೆ. ಪ್ರೋಟಾನ್‌ಗಳ ವಿದ್ಯುತ್ ವಿಕರ್ಷಣೆಗೆ ದೂರದ ಮಿತಿ ಇಲ್ಲ. ಯುರೇನಿಯಂನಲ್ಲಿರುವ 92 ಪ್ರೋಟಾನ್‌ಗಳಲ್ಲಿ ಪ್ರತಿಯೊಂದೂ ಉಳಿದ 91ನ್ನು ದೂಡುತ್ತಿರುತ್ತದೆ.

ಒಂದು ಮಾತು ಸೇರಿಸುತ್ತೇನೆ. ಇದ್ದಿಲು ಉರಿದಾಗಲೂ ರಾಶಿ ಕಡಿಮೆಯಾಗುತ್ತದೆ. ಅದು ಸುಮಾರು ಸಾವಿರ ಕೋಟಿಯಲ್ಲಿ ಒಂದು ಪಾಲು, ಯಾವ ತಕ್ಕಡಿಗೂ ಸಿಗುವುದಿಲ್ಲ. ಯುರೇನಿಯಂ ವಿದಳನದಲ್ಲಿ, ಅಂದರೆ ಒಡೆದಾಗ, ಸಾವಿರದಲ್ಲಿ ಸುಮಾರು ಒಂದು ಪಾಲು. ನಿಯಮ ಒಂದೇ, ಪ್ರಮಾಣ ಬೇರೆ.

ಪ್ರಶ್ನೆ: ಕೈಗಾದಲ್ಲಿ ಭಾರಜಲ ಯಾಕೆ ಬಳಸುತ್ತಾರೆ? ಅದು ವಿಕಿರಣಶೀಲವೇ?
(ಪ್ರೌಢಶಾಲಾ ಶಿಕ್ಷಕರು, ಅಂಕೋಲಾ)

ವಿದಳನದಿಂದ ಹೊರಬರುವ ನ್ಯೂಟ್ರಾನ್‌ಗಳು ತುಂಬಾ ವೇಗದವು. ಅವುಗಳ ವೇಗ ಇಳಿಸಿದರೆ ಯುರೇನಿಯಂ-235 ಅವನ್ನು ಸುಲಭವಾಗಿ ಹಿಡಿಯುತ್ತದೆ. ಮಾಮೂಲಿ ನೀರೂ ವೇಗ ಇಳಿಸುತ್ತದೆ, ಆದರೆ ಅದರ ಹೈಡ್ರೋಜನ್ ಒಂದಷ್ಟು ನ್ಯೂಟ್ರಾನ್‌ಗಳನ್ನು ತಾನೇ ನುಂಗಿಬಿಡುತ್ತದೆ. ಭಾರಜಲ ಅಂದರೆ ಭಾರ ಹೈಡ್ರೋಜನ್ ಇರುವ ನೀರು. ಅದರ ಹೈಡ್ರೋಜನ್‌ನಲ್ಲಿ ಆಗಲೇ ಒಂದು ನ್ಯೂಟ್ರಾನ್ ಇದೆ, ಇನ್ನೊಂದನ್ನು ಹಿಡಿಯುವುದು ತೀರಾ ಅಪರೂಪ. ಹೀಗೆ ನ್ಯೂಟ್ರಾನ್ ಉಳಿಯುವುದರಿಂದ ಯುರೇನಿಯಂ-235 ಬರೀ ಶೇ 0.7ರಷ್ಟಿರುವ ನೈಸರ್ಗಿಕ ಯುರೇನಿಯಂ ಸಾಕಾಗುತ್ತದೆ. ಈ ಮಾದರಿಯಲ್ಲಿ ಸ್ಥಾವರ ನಡೆಯುತ್ತಿರುವಾಗಲೇ ಇಂಧನ ಬದಲಿಸಬಹುದು. ಕೈಗಾದ ಒಂದನೇ ಘಟಕ 2018ರ ಕೊನೆಗೆ ಸತತ 962 ದಿನ ಓಡಿ ಆಗಿನ ವಿಶ್ವದಾಖಲೆ ಮಾಡಲು ಇದೂ ಒಂದು ಕಾರಣ.

ಭಾರಜಲ ತಾನಾಗಿ ವಿಕಿರಣಶೀಲ ಅಲ್ಲ. ಆದರೆ ಸ್ಥಾವರದೊಳಗೆ ವರ್ಷಗಟ್ಟಲೆ ಇದ್ದಾಗ ಅದರಲ್ಲಿ ಸ್ವಲ್ಪ ಸ್ವಲ್ಪವೇ ಟ್ರಿಷಿಯಂ, ಅಂದರೆ ಎರಡು ನ್ಯೂಟ್ರಾನ್ ಇರುವ ಹೈಡ್ರೋಜನ್, ಸೇರುತ್ತದೆ. ಟ್ರಿಷಿಯಂ ವಿಕಿರಣಶೀಲ. ಅದಕ್ಕೇ ಬಳಸಿದ ಭಾರಜಲವನ್ನು ಎಚ್ಚರಿಕೆಯಿಂದ ನೋಡಿಕೊಳ್ಳುತ್ತಾರೆ.

ಪ್ರಶ್ನೆ: ಹೊರಗಿದ್ದರೆ ನ್ಯೂಟ್ರಾನ್ ಕೆಲವೇ ನಿಮಿಷಗಳಲ್ಲಿ ಕ್ಷಯಿಸುತ್ತದೆ ಅಂತಾರೆ. ಹಾಗಾದರೆ ನಮ್ಮ ಮೈಯಲ್ಲಿರುವ ನ್ಯೂಟ್ರಾನ್‌ಗಳು ಯಾಕೆ ಹಾಗೇ ಉಳಿದಿವೆ? ನ್ಯೂಟ್ರಾನ್ ಒಳಗೆ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್ ಇದೆ ಅನ್ನುವುದು ಸರಿಯೇ?
(ಬಿಎಸ್ಸಿ ವಿದ್ಯಾರ್ಥಿ, ಧಾರವಾಡ)

ಬಹಳ ಒಳ್ಳೆಯ ಪ್ರಶ್ನೆ. ಮತ್ತೆ ಹಾಳೆಗೆ ಬನ್ನಿ.

ಬಿಡಿ ನ್ಯೂಟ್ರಾನ್ 939.57. ಅದು ಕ್ಷಯಿಸಿದರೆ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಸೇರಿ 938.78. ಜೊತೆಗೆ ರಾಶಿ ಇಲ್ಲವೇ ಇಲ್ಲ ಅನ್ನುವಷ್ಟು ಹಗುರವಾದ ಒಂದು ಆಂಟಿನ್ಯೂಟ್ರಿನೋ. ಕೈಯಲ್ಲಿ ಸುಮಾರು 0.8 ಎಂಇವಿ ಉಳಿಯುತ್ತದೆ. ಹಾಗಾಗಿ ಕ್ಷಯಿಸಲು ಅಡ್ಡಿಯಿಲ್ಲ. ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕಣ ಕ್ಷಯಿಸಲು ಬೇಕಾದ ಸಮಯ, ಸುಮಾರು 10 ನಿಮಿಷ.

ಈಗ ಅದೇ ನ್ಯೂಟ್ರಾನನ್ನು ಭಾರ ಹೈಡ್ರೋಜನ್ ಒಳಗೆ ನೋಡಿ. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಸೇರಿದ ಈ ನ್ಯೂಕ್ಲಿಯಸ್‌ನ ರಾಶಿ 1875.61. ನ್ಯೂಟ್ರಾನ್ ಕ್ಷಯಿಸಿದರೆ ಏನು ಉಳಿಯಬೇಕು? ಎರಡು ಪ್ರೋಟಾನ್, ಒಂದು ಎಲೆಕ್ಟ್ರಾನ್. ಕೂಡಿಸಿ: 1877.05. ಬೇಕಾದದ್ದು ಇರುವುದಕ್ಕಿಂತ 1.44 ಜಾಸ್ತಿ. ಆ ಶಕ್ತಿ ಎಲ್ಲಿಂದಲೂ ಬರುವುದಿಲ್ಲ, ಆದ್ದರಿಂದ ಆ ಕ್ಷಯ ನಡೆಯುವುದೇ ಇಲ್ಲ. ನ್ಯೂಟ್ರಾನ್ ಮೊದಲಿನದೇ. ಅದು ಇರುವ ಜಾಗ ಬದಲಾದ್ದರಿಂದ ಲೆಕ್ಕ ಬದಲಾಯಿತು.

ಇನ್ನೊಂದು ನ್ಯೂಟ್ರಾನ್ ಸೇರಿಸಿದರೆ ಟ್ರಿಷಿಯಂ. ಅಲ್ಲಿ ಕ್ಷಯವಾದ ಮೇಲೆ ಉಳಿಯುವ ಹೀಲಿಯಂ-3 ತಾನೂ ಗಟ್ಟಿಯಾಗಿ ಬಂಧಿತವಾಗಿದೆ. ಲೆಕ್ಕದಲ್ಲಿ 0.0186 ಎಂಇವಿ ಮಾತ್ರ ಮಿಗುತ್ತದೆ. ಇಷ್ಟು ಕಡಿಮೆ ಆದರೂ ಸಾಕು, ಟ್ರಿಷಿಯಂ ಕ್ಷಯಿಸುತ್ತದೆ. ಆದರೆ ನಿಧಾನ: ಅರ್ಧಾಯುಷ್ಯ 12.3 ವರ್ಷ. ಉಲ್ಟಾ ಕೂಡ ಆಗುತ್ತದೆ. ಬಿಡಿ ಪ್ರೋಟಾನ್ ನ್ಯೂಟ್ರಾನ್ ಆಗಲಾರದು, ಅದು ಹಗುರ. ಫ್ಲೋರಿನ್-18ರ ಒಳಗಿನ ಪ್ರೋಟಾನ್ ಮಾತ್ರ ಆಗಬಲ್ಲದು, ಆಗ ಒಂದು ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನ್‌ನಂಥದ್ದೇ ಧನ ಆವೇಶದ ಕಣ, ಹೊರಬರುತ್ತದೆ. ಆಸ್ಪತ್ರೆಗಳಲ್ಲಿ ಪೆಟ್ ಸ್ಕ್ಯಾನ್‌ಗೆ ಹೆಚ್ಚಾಗಿ ಬಳಸುವುದು ಇದನ್ನೇ. ಅರ್ಧಾಯುಷ್ಯ 110 ನಿಮಿಷ.

ಎಲೆಕ್ಟ್ರಾನ್ ನ್ಯೂಟ್ರಾನ್ ಒಳಗೆ ಮೊದಲೇ ಕೂತಿರುವುದಿಲ್ಲ. ಕ್ಷಯದ ಕ್ಷಣದಲ್ಲಿ ಹೊಸದಾಗಿ ಹುಟ್ಟುತ್ತದೆ. ಎಲೆಕ್ಟ್ರಾನನ್ನು ನಾಲ್ಕೈದು ಫೆಮ್ಟೋಮೀಟರ್ ಜಾಗದಲ್ಲಿ ಕೂಡಿಹಾಕಿದರೆ ಅನಿಶ್ಚಿತತೆಯ ನಿಯಮದ ಪ್ರಕಾರ ಅದರ ಶಕ್ತಿ ಸುಮಾರು 40 ಎಂಇವಿ ಇರಬೇಕು. ಇಂಥ ಕ್ಷಯಕ್ಕೆ ಬೀಟಾ ಕ್ಷಯ ಅಂತ ಹೆಸರು. ಅದರಲ್ಲಿ ಬರುವ ಎಲೆಕ್ಟ್ರಾನ್‌ಗಳದ್ದು ಸಾಮಾನ್ಯವಾಗಿ ಒಂದೆರಡು ಎಂಇವಿಯ ಒಳಗೇ. ಒಳಗಿದ್ದು ಹೊರಗೆ ಬಂದದ್ದು ಅನ್ನಲು ಸಾಧ್ಯವಿಲ್ಲ.

ನ್ಯೂಟ್ರಾನ್‌ನ ಸರಾಸರಿ ಆಯುಷ್ಯವನ್ನು (ಇದು ಅರ್ಧಾಯುಷ್ಯಕ್ಕಿಂತ ಹೆಚ್ಚು) ಎರಡು ರೀತಿಯಲ್ಲಿ ಅಳೆಯುತ್ತಾರೆ. ನಿಧಾನದ ನ್ಯೂಟ್ರಾನ್‌ಗಳನ್ನು ಒಂದು ಪಾತ್ರೆಯಲ್ಲಿ ಕೂಡಿಹಾಕಿ ಎಷ್ಟು ಉಳಿದವು ಅಂತ ಎಣಿಸಿದರೆ ಸುಮಾರು 878 ಸೆಕೆಂಡ್. ಹರಿಯುವ ನ್ಯೂಟ್ರಾನ್‌ಗಳಿಂದ ಎಷ್ಟು ಪ್ರೋಟಾನ್ ಹುಟ್ಟಿದವು ಅಂತ ಎಣಿಸಿದರೆ ಸುಮಾರು 888. ಈ ಹತ್ತು ಸೆಕೆಂಡ್ ವ್ಯತ್ಯಾಸದ ಬಗ್ಗೆ ಇನ್ನೂ ಒಮ್ಮತ ಇಲ್ಲ. ಇಷ್ಟು ಮೂಲದ ವಿಷಯವೇ ಇನ್ನೂ ತೆರೆದಿದೆ. ಮುಂದೆ ಸಂಶೋಧನೆಗೆ ಹೋಗುವ ಮನಸ್ಸಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಮೈತೂಕವೆಲ್ಲ ಹಿಗ್ಸ್ ಕಣದಿಂದ ಬಂದದ್ದಂತೆ, ಹೌದಾ?
(ಹೆಸರು ಬೇಡ ಎಂದವರು, ಮಂಗಳೂರು)

ಇಲ್ಲ. 2012ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಪತ್ತೆಯಾದ ಹಿಗ್ಸ್ ಬೋಸಾನ್ ಸಂಬಂಧ ಇರುವುದು ಕ್ವಾರ್ಕ್, ಎಲೆಕ್ಟ್ರಾನ್ ಮುಂತಾದ ಮೂಲ ಕಣಗಳ ರಾಶಿಗೆ. ಪ್ರೋಟಾನ್‌ನಲ್ಲಿ ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್. ಅಪ್ ಸುಮಾರು 2.2, ಡೌನ್ ಸುಮಾರು 4.7. ಮೂರೂ ಸೇರಿ 9 ಎಂಇವಿ. ಪ್ರೋಟಾನ್ 938! ಶೇ 1ರಷ್ಟು ಮಾತ್ರ ಹಿಗ್ಸ್ ಪಾಲು. ಉಳಿದದ್ದು ಕ್ವಾರ್ಕ್‌ಗಳ ಓಡಾಟ ಮತ್ತು ಅವನ್ನು ಹಿಡಿದಿಟ್ಟ ಗ್ಲುವಾನ್‌ಗಳ ಶಕ್ತಿ. ಹೀಲಿಯಂನಲ್ಲಿ ಸೇರಿದ್ದು ಬಿಡಿಗಿಂತ ಹಗುರ, ಪ್ರೋಟಾನ್‌ನಲ್ಲಿ ಸೇರಿದ್ದು ಬಿಡಿಗಿಂತ ನೂರು ಪಟ್ಟು ಭಾರ. ಕ್ವಾರ್ಕ್‌ಗಳನ್ನು ಬಿಡಿಯಾಗಿ ಹೊರಗೆ ತೆಗೆದಿಡಲು ಆಗುವುದೇ ಇಲ್ಲ, ಆದ್ದರಿಂದ ಹೀಲಿಯಂಗೆ ಮಾಡಿದ ಕಳೆಯುವ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ಪ್ರಶ್ನೆ: ನಮ್ಮ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ನ್ಯೂಟ್ರಿನೋ ಹಿಡಿದರು ಅಂತ ಹೇಳುತ್ತಿದ್ದರು. ಅದು ನಿಜವೇ? ಆಕಾಶದಿಂದ ಬರುವ ಕಣ ಹಿಡಿಯಲು ಗಣಿಗೆ ಯಾಕೆ ಇಳಿಯಬೇಕು?
(ಗೃಹಿಣಿ, ಬಂಗಾರಪೇಟೆ)

ನೂರಕ್ಕೆ ನೂರು ನಿಜ ಅಮ್ಮ. ಇದು ನಮ್ಮ ನಾಡಿನ ಪ್ರತಿ ಶಾಲೆಯ ಮಕ್ಕಳಿಗೂ ಗೊತ್ತಿರಬೇಕಾದ ವಿಷಯ.

ಬಾಹ್ಯಾಕಾಶದಿಂದ ಬರುವ ಕಣಗಳು ಮೇಲಿನ ಗಾಳಿಗೆ ಬಡಿದಾಗ ಮ್ಯುವಾನ್ (ಎಲೆಕ್ಟ್ರಾನ್‌ನಂಥದ್ದೇ, ಆದರೆ ಭಾರದ ಕಣ) ಮತ್ತು ನ್ಯೂಟ್ರಿನೋಗಳು (ಆವೇಶವಿಲ್ಲದ, ತೀರಾ ಹಗುರ ಕಣಗಳು) ಹುಟ್ಟುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯುವಾನ್ ಹಾದುಹೋಗುತ್ತದೆ. ಆ ಗದ್ದಲದಲ್ಲಿ ಅಪರೂಪಕ್ಕೊಮ್ಮೆ ಸಿಗುವ ನ್ಯೂಟ್ರಿನೋದ ಗುರುತು ಕಾಣುವುದೇ ಇಲ್ಲ. ಮ್ಯುವಾನ್‌ಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಮಾತ್ರ ಭೂಮಿಯನ್ನೇ ದಾಟಿ ಬರುತ್ತದೆ. ಅದಕ್ಕೇ ಆಳಕ್ಕೆ ಇಳಿದದ್ದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಈ ಗಣಿಗಳಲ್ಲಿ ಬೇರೆ ಬೇರೆ ಆಳದಲ್ಲಿ ಮ್ಯುವಾನ್ ಎಣಿಸಿದ್ದರು. ಮುಂದೆ ಸುಮಾರು 2.7 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟಾಗ ಎರಡು ತಿಂಗಳಲ್ಲಿ ಒಂದು ಮ್ಯುವಾನ್ ಕೂಡ ಸಿಗಲಿಲ್ಲ. ಬೇರೆಯವರಿಗೆ ಅದು ಖಾಲಿ ಫಲಿತಾಂಶ ಅನ್ನಿಸಬಹುದು. ಇವರಿಗೆ ಬೇಕಿದ್ದದ್ದು ಅಂಥ ನಿಶ್ಶಬ್ದವೇ.

ಆಮೇಲೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಹಮ್ ವಿಶ್ವವಿದ್ಯಾಲಯದವರು ಸೇರಿ 2.3 ಕಿ.ಮೀ. ಆಳದಲ್ಲಿ ಉಪಕರಣ ಜೋಡಿಸಿದರು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಮಿಯಾಕೆ, ವುಲ್ಫೆಂಡೇಲ್ ಈ ತಂಡದಲ್ಲಿದ್ದರು. ಉಪಕರಣವನ್ನು ಮಲಗಿಸದೆ ಗೋಡೆಯಂತೆ ನಿಲ್ಲಿಸಿದರು. ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ ಫಲಕಗಳು, ನಡುವೆ ದಾರಿ ತೋರಿಸುವ ನಿಯಾನ್ ಕೊಳವೆಗಳು. ಅಷ್ಟು ಆಳಕ್ಕೂ ಬರುವ ಬೆರಳೆಣಿಕೆಯ ಮ್ಯುವಾನ್‌ಗಳು ಹೆಚ್ಚಾಗಿ ನೆತ್ತಿಯ ಕಡೆಯಿಂದಲೇ ಬರುತ್ತವೆ. ಅಡ್ಡವಾಗಿ ಬರಬೇಕಾದರೆ ಎಷ್ಟೋ ಕಿಲೋಮೀಟರ್ ಬಂಡೆ ದಾಟಬೇಕು, ಅದು ಆಗದ ಮಾತು. ಹಾಗಿದ್ದೂ ಅಡ್ಡವಾಗಿ ಒಂದು ಮ್ಯುವಾನ್ ಬಂತು ಅಂದರೆ ಅದು ಪಕ್ಕದ ಬಂಡೆಯಲ್ಲೇ ನ್ಯೂಟ್ರಿನೋ ಬಡಿದು ಹುಟ್ಟಿದ್ದು. ನನಗೆ ಈ ಪ್ರಯೋಗದಲ್ಲಿ ತುಂಬಾ ಇಷ್ಟವಾಗುವುದು ಇದೇ. ಸುತ್ತಲಿನ ಬಂಡೆಯೇ ಉಪಕರಣದ ಭಾಗವಾಯಿತು. 1965ರ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಅದೇ ತಿಂಗಳು ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದ ಫ್ರೆಡೆರಿಕ್ ರೈನ್ಸ್ ತಂಡವೂ ಪ್ರಕಟಿಸಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳು ಜಗತ್ತಿನಲ್ಲಿ ಮೊದಲು ಸಿಕ್ಕಿದ್ದು ಈ ಎರಡು ಗಣಿಗಳಲ್ಲಿ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಕಂಡ ಬಗೆಯ ನ್ಯೂಟ್ರಿನೋಗಳನ್ನೇ ಎಣಿಸುತ್ತಾ 1998ರಲ್ಲಿ ಜಪಾನಿನ ಸೂಪರ್ ಕಮಿಯೊಕಾಂಡೆ ತಂಡ, ಅವು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುತ್ತವೆ ಅಂತ ತೋರಿಸಿತು. ಬದಲಾಗಬೇಕಾದರೆ ರಾಶಿ ಇರಲೇಬೇಕು. ಎಷ್ಟು ಅನ್ನುವುದು ಇನ್ನೂ ಸಿಕ್ಕಿಲ್ಲ. ಜರ್ಮನಿಯ ಕಾರ್ಲ್ಸ್‌ರೂವದ ಕ್ಯಾಟ್ರಿನ್ ಪ್ರಯೋಗದಲ್ಲಿ, ಧಾರವಾಡದ ವಿದ್ಯಾರ್ಥಿಗೆ ಹೇಳಿದ ಆ ಟ್ರಿಷಿಯಂ ಕ್ಷಯವನ್ನೇ ಅಳೆದಿದ್ದಾರೆ. ಮಿಗುವ ಶಕ್ತಿ ಕಡಿಮೆ ಇರುವುದರಿಂದ ನ್ಯೂಟ್ರಿನೋ ರಾಶಿಯ ಗುರುತು ಅಲ್ಲಿ ಚೆನ್ನಾಗಿ ಕಾಣಬಹುದು. 2025ರಲ್ಲಿ ಅವರು ಪ್ರಕಟಿಸಿದ ಮಿತಿ 0.45 ಎಲೆಕ್ಟ್ರಾನ್ ವೋಲ್ಟ್. ಅಂದರೆ ನ್ಯೂಟ್ರಿನೋ ಎಲೆಕ್ಟ್ರಾನಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಹಗುರ.