ಓದಿದ್ದಕ್ಕೆ ದುಡ್ಡು ಕೊಟ್ಟ ಮೇಲೆ ಮಗಳು ಓದುವುದನ್ನೇ ಬಿಟ್ಟಳು, ಯಾಕೆ?

ನಿಮ್ಮ ಮಗಳಿಗೆ 8 ವರ್ಷ, ಕಥೆ ಪುಸ್ತಕ ಅಂದರೆ ಪ್ರಾಣವಾಗಿತ್ತು. ಇನ್ನೂ ಜಾಸ್ತಿ ಓದಲಿ ಅಂತ ಒಂದು ಪುಸ್ತಕಕ್ಕೆ 20 ರೂಪಾಯಿ ಕೊಡಲು ಶುರು ಮಾಡಿದಿರಿ. ಈಗ ತೆಳ್ಳಗಿನ ಪುಸ್ತಕ ಹುಡುಕುತ್ತಾಳೆ, ದುಡ್ಡಿಲ್ಲ ಅಂದರೆ ಮುಟ್ಟುವುದೇ ಇಲ್ಲ. ಮನುಷ್ಯನ ಅಗತ್ಯಗಳನ್ನು ಹಸಿವಿನಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಮನಶ್ಶಾಸ್ತ್ರಜ್ಞ ಮಾಸ್ಲೋ ಅವರ ಪಿರಮಿಡ್‌ನಲ್ಲಿ ಯಾವ ಮೆಟ್ಟಿಲು ಅವಳಿಗೆ ಸಿಕ್ಕಿಲ್ಲ ಅಂತ ಕೇಳಿದ್ದೀರಿ.

ಯಾವ ಮೆಟ್ಟಿಲೂ ತಪ್ಪಿಲ್ಲ ಅಂತ ನನಗೆ ಅನಿಸುತ್ತದೆ. ಮೊದಲು ಓದು ಅವಳದ್ದಾಗಿತ್ತು. ದುಡ್ಡು ಬಂದ ಮೇಲೆ ಅದು ನಿಮ್ಮ ಕೆಲಸ ಆಯಿತು, ಅವಳು ಸುಮ್ನೆ ಮಾಡಿಕೊಡುವವಳಾದಳು.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ ಉಂಟು. ನಾನು ಉಡುಪಿಯಲ್ಲಿ ಶಾಲಾ ಶಿಕ್ಷಕಿ. ಬಿ.ಎಡ್ ಓದುವಾಗ ಇದನ್ನೆಲ್ಲ ಪರೀಕ್ಷೆಗೆ ಬರೆದವಳು. ಆದರೂ ನನ್ನ ಮಗನ ವಿಷಯದಲ್ಲಿ ನೀವು ಮಾಡಿದ್ದನ್ನೇ ಮಾಡಿದೆ. ಅವನು ಮನೆ ಹತ್ತಿರದ ದೇವಸ್ಥಾನದ ಸಭಾಂಗಣದಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುತ್ತಿದ್ದ. ಸಂಜೆ ಜಗಲಿಯಲ್ಲಿ ಬಾಯಲ್ಲೇ ತಾಳ ಹೇಳಿಕೊಂಡು ದಿಗಿಣ ಹಾರುತ್ತಿದ್ದ, ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಇಷ್ಟು ಆಸಕ್ತಿ ಇದೆ, ಶಿಸ್ತೂ ಬರಲಿ ಅಂತ ಫ್ರಿಜ್ ಮೇಲೆ ಒಂದು ಚಾರ್ಟ್ ಅಂಟಿಸಿದೆ. ಅರ್ಧ ಗಂಟೆ ಅಭ್ಯಾಸಕ್ಕೆ ಒಂದು ಸ್ಟಾರ್, ಹತ್ತು ಸ್ಟಾರ್‌ಗೆ ಒಂದು ಗಡ್‌ಬಡ್ ಐಸ್‌ಕ್ರೀಂ. ತಿಂಗಳು ಕಳೆಯುವಷ್ಟರಲ್ಲಿ ಅವನು ಗಡಿಯಾರ ನೋಡಿಕೊಂಡು ಕುಣಿಯುತ್ತಿದ್ದ. ಮೂವತ್ತು ನಿಮಿಷಕ್ಕೆ ನಿಲ್ಲಿಸಿ, "ಅಮ್ಮಾ, ಇವತ್ತಿನದ್ದು ಲೆಕ್ಕಕ್ಕೆ ಬಂತಲ್ವಾ?" ಅಂತ ಕೇಳುತ್ತಿದ್ದ. ಆ ಮಾತು ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಇದನ್ನು ಮೊದಲು ಪ್ರಯೋಗ ಮಾಡಿ ತೋರಿಸಿದವರಲ್ಲಿ ಒಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ. ಅವರ ವರದಿ ಬಂದದ್ದು 1971ರಲ್ಲಿ. ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಅನ್ನುವ ಮರದ ತುಂಡುಗಳ ಒಗಟು ಕೊಟ್ಟರು. ಮೂರು ಸಲ ಕರೆಸಿದರು. ಎರಡನೆಯ ಸಲ ಒಂದು ಗುಂಪಿಗೆ ಮಾತ್ರ, ಬಿಡಿಸಿದ ಒಂದೊಂದು ಒಗಟಿಗೂ 1 ಡಾಲರ್ ಸಿಕ್ಕಿತು. ಮೂರನೆಯ ಸಲ ಯಾರಿಗೂ ದುಡ್ಡಿಲ್ಲ. ಪ್ರತಿ ಸಲವೂ ನಡುವೆ 8 ನಿಮಿಷ ಅವರನ್ನು ಅವರಷ್ಟಕ್ಕೆ ಬಿಟ್ಟು, ಏನು ಮಾಡುತ್ತಾರೆ ಅಂತ ನೋಡಿದರು. ಬೇಕಾದರೆ ಮ್ಯಾಗಜಿನ್ ಓದಬಹುದಿತ್ತು. ಒಮ್ಮೆ ದುಡ್ಡು ಪಡೆದವರು ಮೂರನೆಯ ಸಲ ಆ ಬಿಡುವಿನಲ್ಲಿ ಒಗಟಿಗೆ ಕೊಟ್ಟ ಸಮಯ, ಮೊದಲಿಗಿಂತ ಕಡಿಮೆಯಾಗಿತ್ತು.

ನಿಮ್ಮ ಮಗಳಿಗೆ ಇನ್ನೂ ಹತ್ತಿರದ್ದು 1973ರ ಪ್ರಯೋಗ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಚಿತ್ರ ಬಿಡಿಸುವುದೆಂದರೆ ಖುಷಿ ಪಡುವ ನರ್ಸರಿ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ "ಬಿಡಿಸಿದರೆ ಬಹುಮಾನದ ಪತ್ರ ಕೊಡುತ್ತೇವೆ" ಅಂದರು. ಕೆಲವರಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನ ಸಿಗುತ್ತದೆ ಅಂತ ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಬಣ್ಣದ ಪೆನ್ ಹಿಡಿದ ಹೊತ್ತು ಉಳಿದವರ ಸುಮಾರು ಅರ್ಧದಷ್ಟಿತ್ತು. ಅಚಾನಕ್ಕಾಗಿ ಬಹುಮಾನ ಪಡೆದ ಮಕ್ಕಳಿಗೆ ಏನೂ ಆಗಿರಲಿಲ್ಲ.

ಆ ಕೊನೆಯ ಸಂಗತಿಯೇ ನನಗೆ ಮುಖ್ಯ ಅನಿಸುವುದು. ನಮ್ಮಲ್ಲಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಲ್ಲಿ ಹುಲಿವೇಷ ಹಾಕುವ ಹುಡುಗರನ್ನು ನೋಡಿ. ಗಂಟೆಗಟ್ಟಲೆ ನಿಂತು ಮೈಗೆ ಬಣ್ಣ ಹಚ್ಚಿಸಿಕೊಳ್ಳುತ್ತಾರೆ, ಸುಡುಬಿಸಿಲಲ್ಲಿ ಕುಣಿಯುತ್ತಾರೆ. ನೋಟೂ ಸಿಗುತ್ತದೆ, ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುತ್ತಾರೆ. ಆದರೂ ಮರುವರ್ಷ ತಾಸೆ ವಾದ್ಯದ ಶಬ್ದ ಕೇಳಿದರೆ ಕಾಲು ತಾನಾಗಿ ಕುಣಿಯುತ್ತದೆ. ಅಲ್ಲಿ ನೋಟು ಮೆಚ್ಚುಗೆ. "ಇಷ್ಟು ಕುಣಿ, ಇಷ್ಟು ಕೊಡುತ್ತೇನೆ" ಅಂತ ಮನೆಯವರು ಕರಾರು ಮಾಡಿದ್ದಲ್ಲ.

ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಇದನ್ನೇ ಬೆಳೆಸಿ 1985ರಲ್ಲಿ ಪುಸ್ತಕ ಮಾಡಿದರು. ಅವರ ಪ್ರಕಾರ ಮನಸ್ಸಿಗೆ ಮುಖ್ಯವಾಗಿ ಬೇಕಾದದ್ದು ಮೂರು. ಇದು ನಾನೇ ಆರಿಸಿಕೊಂಡದ್ದು ಅನ್ನುವ ಭಾವ, ಇದು ನನ್ನಿಂದ ಆಗುತ್ತದೆ ಅನ್ನುವ ಧೈರ್ಯ, ನನಗೆ ನನ್ನವರು ಇದ್ದಾರೆ ಅನ್ನುವ ನಂಟು. ನನ್ನ ಚಾರ್ಟ್ ಕಿತ್ತುಕೊಂಡದ್ದು ಮೊದಲನೆಯದನ್ನು. ನಿಮ್ಮ 20 ರೂಪಾಯಿ ಮಾಡಿದ್ದೂ ಅದನ್ನೇ ಇರಬೇಕು.

ಮಾಸ್ಲೋ ಬಗ್ಗೆ ಒಂದು ಮಾತು. 1943ರ ಅವರ ಲೇಖನದಲ್ಲಿ ಪಿರಮಿಡ್ ಚಿತ್ರವೇ ಇಲ್ಲ, ಅದನ್ನು ಮಾಡಿದ್ದು ಆಮೇಲಿನವರು. ಕೆಳಗಿನದ್ದು ಪೂರ್ತಿ ತುಂಬದೆ ಮೇಲಿನದ್ದು ಹುಟ್ಟುವುದಿಲ್ಲ ಅಂತಲೂ ಅವರು ಹೇಳಿಲ್ಲ. ನನ್ನ ಅಜ್ಜಿ ದಿನವಿಡೀ ಬೀಡಿ ಕಟ್ಟಿ, ಅರ್ಧ ಹೊಟ್ಟೆಯಲ್ಲೇ ಬೆಳಗಿನ ತನಕ ಬಯಲಾಟ ನೋಡಿ ಬರುತ್ತಿದ್ದರು. ಅವರನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸುವುದು ಹೇಳಿ?

ಹಾಗಂತ ಬಹುಮಾನವೆಲ್ಲ ಕೆಟ್ಟದ್ದಲ್ಲ. ಈ ವಿಷಯದಲ್ಲಿ ಸಂಶೋಧಕರ ನಡುವೆಯೇ ದೊಡ್ಡ ಜಗಳ ನಡೆದಿದೆ. ಬಹುಮಾನದಿಂದ ಅಂಥ ಹಾನಿಯಿಲ್ಲ ಅಂತ 1994ರಲ್ಲಿ ಕ್ಯಾಮರೂನ್ ಮತ್ತು ಪಿಯರ್ಸ್ ವಾದಿಸಿದರು. 1999ರಲ್ಲಿ ಡೆಸಿ ಮತ್ತು ಜೊತೆಯವರು 128 ಅಧ್ಯಯನಗಳನ್ನು ಒಟ್ಟಿಗಿಟ್ಟು ಉತ್ತರ ಕೊಟ್ಟರು. ಮೊದಲೇ ಇಷ್ಟವಿದ್ದ ಕೆಲಸಕ್ಕೆ ಕರಾರಿನ ಬಹುಮಾನ ಬಂದರೆ ಇಷ್ಟ ಕುಗ್ಗುತ್ತದೆ ಅಂದರು. ಇಷ್ಟವೇ ಇಲ್ಲದ ಕೆಲಸದ ಮಾತು ಬೇರೆ. ನನ್ನ ತರಗತಿಯಲ್ಲಿ ಮಗ್ಗಿ ಬಾಯಿಪಾಠಕ್ಕೆ ಈಗಲೂ ಸಣ್ಣ ಬಹುಮಾನ ಇಡುತ್ತೇನೆ. ಅಲ್ಲಿ ಕುಗ್ಗಲು ಆಸೆಯೇ ಇರುವುದಿಲ್ಲ.

ನನ್ನ ಮಗನನ್ನು ಕೂರಿಸಿ, "ಚಾರ್ಟ್ ಹಾಕಿದ್ದು ನನ್ನ ತಪ್ಪು, ಇನ್ನು ನಿನಗೆ ಮನಸ್ಸಿದ್ದರೆ ಮಾತ್ರ ಕುಣಿ" ಅಂದೆ. ಮೂರು ವಾರ ಅವನು ಗೆಜ್ಜೆ ಮುಟ್ಟಲಿಲ್ಲ. ಆ ಮೂರು ವಾರ ಬಾಯಿ ಮುಚ್ಚಿಕೊಂಡಿರುವುದು ತುಂಬಾ ಕಷ್ಟವಾಯಿತು. ಆಮೇಲೆ ಅವನ ಗುರುಗಳು ಹೊಸದಾಗಿ ಸೇರಿದ ಪುಟ್ಟ ಹುಡುಗನಿಗೆ ಹೆಜ್ಜೆ ಹೇಳಿಕೊಡಲು ಇವನನ್ನು ಕರೆದರು. ಹೇಳಿಕೊಡುತ್ತಾ ಹೇಳಿಕೊಡುತ್ತಾ ತಾನೂ ಕುಣಿಯತೊಡಗಿದ.

ನೀವೂ ಮಗಳಿಗೆ ನೇರವಾಗಿ ಹೇಳಿಬಿಡಿ. ಸ್ವಲ್ಪ ದಿನ ಅವಳು ಏನೂ ಓದದಿರಬಹುದು, ತಡೆದುಕೊಳ್ಳಿ. ಲೈಬ್ರರಿಗೆ ಕರೆದುಕೊಂಡು ಹೋಗಿ, ಆರಿಸುವುದನ್ನು ಅವಳಿಗೇ ಬಿಡಿ. ತೆಳ್ಳಗಿನದ್ದೇ ಆರಿಸಲಿ, ಚಿತ್ರದ್ದೇ ಇರಲಿ. ರಾತ್ರಿ ಅವಳ ಪಕ್ಕ ನಿಮ್ಮದೊಂದು ಪುಸ್ತಕ ಹಿಡಿದು ಕೂರಿ. ಓದಿದ್ದರ ಬಗ್ಗೆ ಪ್ರಶ್ನೆ ಹಾಕಬೇಡಿ, ಅವಳಾಗಿ ಕಥೆ ಹೇಳಿದರೆ ಕೆಲಸ ಬದಿಗಿಟ್ಟು ಕೇಳಿ. ಆ ದುಡ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ, ಅವಳಿಗೆ ಅದು ಶಿಕ್ಷೆ ಅನಿಸಬಹುದು. ಭಾನುವಾರಕ್ಕೊಮ್ಮೆ ಕೈಖರ್ಚಿಗೆ ಅಂತ ಕೊಡಿ, ಆ ವಾರ ಅವಳು ಪುಸ್ತಕ ಮುಟ್ಟಿರಲಿ, ಬಿಟ್ಟಿರಲಿ.