ಬೀಜದಿಂದ ಲೋಟಕ್ಕೆ: ಕಾಫಿ ಯಂತ್ರ ಕೊಳ್ಳುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಯಂತ್ರದ ಬಗ್ಗೆ. ಹುರಿದ ಬೀಜವನ್ನು ತಾನೇ ಪುಡಿ ಮಾಡಿ, ತಾನೇ ಕಾಫಿ ಇಳಿಸಿ, ಚರಟವನ್ನೂ ತಾನೇ ಹೊರಗೆ ಹಾಕುವ ‘ಬೀನ್ ಟು ಕಪ್’ ಯಂತ್ರ. ಅಂಗಡಿಯವರು ಇದರ ಮುಂಭಾಗವನ್ನು ತೋರಿಸುತ್ತಾರೆ. ನಾನು ರಿಪೇರಿಯವನು, ನೋಡುವುದು ಹಿಂಭಾಗವನ್ನು. ಹಾಗಾಗಿ ನನ್ನ ಉತ್ತರಗಳು ಕೊಂಚ ಖಾರವಾಗಿ ಕಂಡರೆ ಕ್ಷಮೆಯಿರಲಿ.

*ನಮ್ಮದು ಬೆಳಿಗ್ಗೆ ಎದ್ದೊಡನೆ ಹಿತ್ತಾಳೆ ಫಿಲ್ಟರಿಗೆ ನೀರು ಹಾಕುವ ಮನೆ. ಪುಡಿ 80:20, ಅಂದರೆ ಚಿಕೋರಿ ಇಪ್ಪತ್ತು ಪಾಲು. ಮಗಳು ಈ ಯಂತ್ರ ಕೊಡಿಸುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಮ್ಮ ಕಾಫಿ ಅದರಲ್ಲಿ ಬರುತ್ತದೆಯೇ? ಒಳಗೆ ಅದು ಏನು ಮಾಡುತ್ತದೆ?*
— ನಿವೃತ್ತ ಶಿಕ್ಷಕಿ, ಮೈಸೂರು

ಬರುವುದಿಲ್ಲ ಅಮ್ಮ. ಬೇರೆ ಕಾಫಿ ಬರುತ್ತದೆ, ಅದೂ ಒಳ್ಳೆಯದೇ.

ಗುಂಡಿ ಒತ್ತಿದಾಗ ಮೊದಲು ಕೇಳುವ ಗರಗರ ಸದ್ದು ಬೀಜ ಅರೆಯುವುದು. ಮಿಕ್ಸಿಯ ಬ್ಲೇಡು ಚಚ್ಚಿದಂತೆ ಅಲ್ಲ. ಹಲ್ಲುಗಳಿರುವ ಬಳೆಯೊಂದು ನಿಂತಿರುತ್ತದೆ, ಅದರೊಳಗೆ ಇನ್ನೊಂದು ತಿರುಗುತ್ತದೆ, ನಮ್ಮ ಹಳೆಯ ಬೀಸುಕಲ್ಲಿನ ಹಾಗೆ. ಒಂದು ಕಪ್ಪಿಗೆ ಸಾಮಾನ್ಯವಾಗಿ 7ರಿಂದ 11 ಗ್ರಾಂ ಪುಡಿ ‘ಬ್ರೂ ಯೂನಿಟ್’ ಎಂಬ ಅಂಗೈಯಗಲದ ಪ್ಲಾಸ್ಟಿಕ್ ಭಾಗದೊಳಗೆ ಬೀಳುತ್ತದೆ. ಅಲ್ಲೊಂದು ಪಿಸ್ಟನ್ ಅದನ್ನು ಒತ್ತಿ ಬಿಲ್ಲೆ ಮಾಡುತ್ತದೆ. ಅಷ್ಟರಲ್ಲಿ ಸಣ್ಣ ಪಂಪೊಂದು ಟ್ಯಾಂಕಿನ ನೀರನ್ನು ಎಳೆದು, 90ರಿಂದ 96 ಡಿಗ್ರಿಯ ಆಸುಪಾಸಿಗೆ ಕಾಯಿಸುವ ಕೊಳವೆಯ ಮೂಲಕ ದೂಡುತ್ತದೆ. ಮೊದಲು ಪುಡಿ ನೆನೆಯುವಷ್ಟು ನೀರು, ಒಂದು ಕ್ಷಣ ಬಿಡುವು, ಆಮೇಲೆ ಒತ್ತಡ. ಅರ್ಧ ನಿಮಿಷದಲ್ಲಿ ಸುಮಾರು 30–40 ಮಿಲಿಲೀಟರ್ ದಟ್ಟ ಕಾಫಿ, ಮೇಲೆ ಕಂದು ನೊರೆ. ಬಿಲ್ಲೆಯನ್ನು ಯಂತ್ರ ಒಳಗಿನ ಚರಟದ ಪೆಟ್ಟಿಗೆಗೆ ತಳ್ಳುತ್ತದೆ.

ನಿಮ್ಮ ಫಿಲ್ಟರಿನಲ್ಲಿ ಒತ್ತಡವೇ ಇಲ್ಲ. ನೀರು ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುತ್ತದೆ, ಕಾಲು ಗಂಟೆಗೂ ಹೆಚ್ಚು ಹೊತ್ತು. ಜೊತೆಗೆ ಚಿಕೋರಿಯ ಬಣ್ಣ, ಮಂದತನ, ಆ ಸುಟ್ಟ ಬೆಲ್ಲದಂಥ ಸಿಹಿ. ಈ ರುಚಿ ಬೀಜ ಮಾತ್ರ ಅರೆಯುವ ಯಂತ್ರಕ್ಕೆ ಬರುವ ದಾರಿಯಿಲ್ಲ. ಕೆಲವು ಯಂತ್ರಗಳಲ್ಲಿ ಪುಡಿ ಹಾಕಲು ಬೇರೆಯೇ ಕಿಂಡಿಯಿರುತ್ತದೆ. ಅದರಲ್ಲಿ ನಿಮ್ಮ 80:20 ಸುರಿಯುವ ಆಸೆಯಾಗುತ್ತದೆ. ಬೇಡ. ಚಿಕೋರಿ ಬೇರಿನ ಪುಡಿ, ಬಿಸಿನೀರು ತಾಗಿದರೆ ಅಂಟಾಗಿ ಜಾಲರಿಯ ಕಣ್ಣು ಮುಚ್ಚುತ್ತದೆ. ಹಾಗೆ ಕಟ್ಟಿಕೊಂಡ ಜಾಲರಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಬೆರಳು ನೋಯಿಸಿಕೊಂಡವನು ನಾನು.

ಆದರೂ ಮಗಳು ಕೊಡಿಸುವುದಾದರೆ ಹೀಗೆ ಮಾಡಿ. ಪೀಬೆರಿ ಅಥವಾ ಪ್ಲಾಂಟೇಷನ್ ಎ ದರ್ಜೆಯ ಅರೇಬಿಕಾ ಬೀಜ ಮುಕ್ಕಾಲು ಪಾಲು, ಒಳ್ಳೆಯ ರೊಬಸ್ಟಾ ಕಾಲು ಪಾಲು ಸೇರಿಸಿ, ಮಧ್ಯಮಕ್ಕಿಂತ ತುಸು ಗಾಢವಾಗಿ ಹುರಿಸಿ. ಯಂತ್ರದಿಂದ ಎಸ್‌ಪ್ರೆಸೊ, ಅಂದರೆ ಆ ದಟ್ಟ ಕಾಫಿ ಮಾತ್ರ ಇಳಿಸಿ, ಹಾಲನ್ನು ಒಲೆಯ ಮೇಲೇ ಉಕ್ಕಿಸಿ ಸೇರಿಸಿ. ಯಂತ್ರ ನೊರೆ ಮಾಡುವ ಹಾಲು 60–65 ಡಿಗ್ರಿಯಲ್ಲಿ ನಿಲ್ಲುತ್ತದೆ, ನೊರೆಗೆ ಅದೇ ಹದ. ಸುಡುಸುಡು ಕುಡಿದು ಬೆಳೆದ ನಮ್ಮ ನಾಲಿಗೆಗೆ ಅದು ಆರಿದ ಕಾಫಿ. ಅಂದಮೇಲೆ ಹಾಲಿನ ಡಬ್ಬಿ ಸಮೇತ ಬರುವ ದುಬಾರಿ ಮಾದರಿ ನಿಮಗೆ ಬೇಕಿಲ್ಲ. ಉಳಿದ ಹಣಕ್ಕೆ ವರ್ಷದ ಬೀಜ ಬರಬಹುದು. ಹಿತ್ತಾಳೆ ಫಿಲ್ಟರನ್ನು ಅಟ್ಟಕ್ಕೆ ಏರಿಸಬೇಡಿ.

*ಒಂದರಲ್ಲಿ 15 ಬಾರ್, ಇನ್ನೊಂದರಲ್ಲಿ 19 ಬಾರ್. ಒಂದು ನಾಲ್ಕು ಬಗೆಯ ಪಾನೀಯ ಕೊಡುತ್ತದೆ, ಇನ್ನೊಂದು ಹನ್ನೆರಡು. ಬೆಲೆಯ ವ್ಯತ್ಯಾಸ ಬಹಳ. ಯಾವುದು?*
— ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

ಬಾರ್ ಎಂದರೆ ಒತ್ತಡದ ಅಳತೆ, ಆ ಸಂಖ್ಯೆಯನ್ನು ಮರೆತುಬಿಡಿ. ಕಾಫಿ ಇಳಿಯಲು ಬೇಕಾದದ್ದು ಸುಮಾರು 9 ಬಾರ್. ಪೆಟ್ಟಿಗೆಯ ಮೇಲೆ ಬರೆದದ್ದು ಪಂಪು ಗರಿಷ್ಠ ಎಷ್ಟು ಒತ್ತಬಲ್ಲದು ಎಂಬುದು ಮಾತ್ರ. ಹನ್ನೆರಡು ಪಾನೀಯವೂ ಹಾಗೆಯೇ: ಒಂದೇ ಕಾಫಿ, ಒಂದೇ ಹಾಲು, ಒಂದೇ ನೀರು, ಅಳತೆ ಬೇರೆ. ಮನೆಗೆಂದು ಇಂಥ ಪೂರ್ಣ ಸ್ವಯಂಚಾಲಿತ ಯಂತ್ರವನ್ನು ಇಟಲಿಯ ಸೇಕೋ ಕಂಪನಿ 1985ರಲ್ಲಿ ತಂದಿತು. ಅರೆಯುವುದು, ಒತ್ತುವುದು, ದೂಡುವುದು ಎಂಬ ಮೂಲ ಕೆಲಸ ಇಂದಿಗೂ ಅದೇ. ದೊಡ್ಡದಾಗಿ ಬದಲಾಗಿರುವುದು ಮುಂದಿನ ಪರದೆ.

ನೀವು ಅಂಗಡಿಯಲ್ಲಿ ಮಾಡಬೇಕಾದ ಕೆಲಸ ಬೇರೆ. ಪಕ್ಕದ ಬಾಗಿಲು ತೆಗೆಸಿ, ಬ್ರೂ ಯೂನಿಟ್ಟನ್ನು ನಿಮ್ಮ ಕೈಯಿಂದಲೇ ಹೊರಗೆಳೆದು ಮತ್ತೆ ಕೂರಿಸಿ ನೋಡಿ. ಡೆಲಾಂಗಿ, ಫಿಲಿಪ್ಸ್ ಯಂತ್ರಗಳಲ್ಲಿ ಅದು ಹೊರಬರುತ್ತದೆ. ವಾರಕ್ಕೊಮ್ಮೆ ನಲ್ಲಿಯ ಕೆಳಗೆ ಬರೀ ನೀರಿನಲ್ಲಿ ತೊಳೆಯಬಹುದು, ಸೋಪು ಬೇಡ. ಸ್ವಿಸ್ ಕಂಪನಿ ಜುರಾದ ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ, ಶುಚಿಗೆ ಕಂಪನಿಯ ಮಾತ್ರೆ ಹಾಕಬೇಕು. ಎರಡಕ್ಕೂ ಅಭಿಮಾನಿಗಳಿದ್ದಾರೆ. ನನ್ನ ಮತ ಹೊರಬರುವುದಕ್ಕೆ, ಏಕೆಂದರೆ ನಮ್ಮ ಮಳೆಗಾಲದಲ್ಲಿ ಒದ್ದೆ ಪುಡಿ ಕುಳಿತ ಜಾಗವೆಲ್ಲ ಬೂಷ್ಟು. ಕಣ್ಣಿಗೆ ಕಾಣುವುದನ್ನು ತೊಳೆಯುತ್ತೇವೆ, ಕಾಣದ್ದನ್ನು ಮರೆಯುತ್ತೇವೆ.

ಎರಡನೆಯದು ಸರ್ವಿಸ್. ಹುಬ್ಬಳ್ಳಿಗೆ ಆ ಕಂಪನಿಯ ಮೆಕ್ಯಾನಿಕ್ ಬರುತ್ತಾನೆಯೇ, ಅಥವಾ ಯಂತ್ರವನ್ನು ಬೆಂಗಳೂರಿಗೆ ಕಳಿಸಬೇಕೇ? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆಮೇಲೆ ಪುಡಿಯ ಸಣ್ಣ–ದಪ್ಪ ಬದಲಿಸುವ ತಿರುಗುಗುಂಡಿ ಇದೆಯೇ ನೋಡಿ. ಕಾಫಿ ನೀರುನೀರಾದರೆ ಒಂದು ಹಂತ ಸಣ್ಣಗೆ ತಿರುಗಿಸಬೇಕು. ಅದೂ ಬೀಜ ಅರೆಯುತ್ತಿರುವಾಗ ಮಾತ್ರ, ನಿಂತಿರುವಾಗ ಅಲ್ಲ. ಫಲ ಎರಡು ಮೂರು ಕಪ್ ಕಳೆದ ಮೇಲೆ ಗೊತ್ತಾಗುತ್ತದೆ. ಇಷ್ಟೆಲ್ಲ ಸರಿಯಿದ್ದರೆ ಕಡಿಮೆ ಬೆಲೆಯದನ್ನೇ ತನ್ನಿ.

*ಸಕಲೇಶಪುರದ ಬಳಿ ನಮ್ಮದೇ ಕಾಫಿ ತೋಟ. ಮನೆಯ ಬಳಕೆಯ ಬೀಜವನ್ನು ಬಾಣಲೆಯಲ್ಲಿ ಹುರಿಯುತ್ತೇವೆ, ಕೊನೆಗೆ ಒಂದು ಚಮಚ ತುಪ್ಪ, ಚೂರು ಬೆಲ್ಲ. ಅದನ್ನೇ ಯಂತ್ರಕ್ಕೆ ಹಾಕಬಹುದೇ?*
— ಬೆಳೆಗಾರರು, ಹಾಸನ ಜಿಲ್ಲೆ

ನಿಮ್ಮ ಮನೆಯ ಕಾಫಿಯನ್ನು ನೆನೆದರೆ ಬಾಯಲ್ಲಿ ನೀರೂರುತ್ತದೆ. ಯಂತ್ರಕ್ಕೆ ಮಾತ್ರ ಅದು ಶತ್ರು.

ಬೆಲ್ಲ ಕರಗಿ ಬೀಜದ ಮೇಲೆ ಪಾಕವಾಗಿ ಗಟ್ಟಿಯಾಗಿರುತ್ತದೆ. ಅರೆಯುವಾಗ ಬಿಸಿಗೆ ಮೆತ್ತಗಾಗಿ ಹಲ್ಲುಗಳ ನಡುವೆ ಕಚ್ಚಿಕೊಳ್ಳುತ್ತದೆ. ತುಪ್ಪ ಪುಡಿಯನ್ನು ಮುದ್ದೆ ಮಾಡಿ ಹಾದಿಗೆ ಅಂಟಿಸುತ್ತದೆ. ತುಪ್ಪ ಹಾಕದಿದ್ದರೂ, ಮಿರಿಮಿರಿ ಎಣ್ಣೆ ಸುರಿಯುವಷ್ಟು ಕಪ್ಪಾಗಿ ಹುರಿದ ಬೀಜದ ಗತಿ ಇದೇ. ಬಾಣಲೆಯ ಹುರಿತದಲ್ಲಿ ಇನ್ನೊಂದು ತೊಂದರೆಯಿದೆ: ಒಂದು ಬೀಜ ಕಪ್ಪು, ಪಕ್ಕದ್ದು ಅರೆಹುರಿದದ್ದು. ಅರೆಹುರಿದ ಬೀಜ ಕಲ್ಲಿನಷ್ಟು ಗಟ್ಟಿ, ಮೋಟಾರು ಮುಗ್ಗರಿಸುತ್ತದೆ.

ಕಲ್ಲು ಎಂದಾಗ ನೆನಪಾಯಿತು. ಕಣದಲ್ಲಿ ಒಣಗಿಸಿದ ಚೆರ್ರಿಯೊಂದಿಗೆ ಬರುವ ಹರಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಕೈಯಿಂದ ಪುಡಿ ಮಾಡುವಾಗ ಕಟಕ್ ಎಂದರೆ ನಿಲ್ಲಿಸುತ್ತೀರಿ, ಯಂತ್ರಕ್ಕೆ ಆ ಕಿವಿಯಿಲ್ಲ. ಸೆರಾಮಿಕ್ ಹಲ್ಲಾದರೆ ಚಕ್ಕೆ ಏಳಬಹುದು, ಉಕ್ಕಿನದಾದರೆ ಸಿಕ್ಕಿಕೊಂಡು ನಿಲ್ಲಬಹುದು.

ಹಾಗೆಂದು ಅಂಗಡಿಯ ಬೀಜ ತರಬೇಕಿಲ್ಲ. ತೋಟದ ಬೀಜವನ್ನು ಬಿಳಿ ಬಟ್ಟೆಯ ಮೇಲೆ ಹರವಿ ಆರಿಸಿ, ಹತ್ತಿರದ ಪೇಟೆಯಲ್ಲಿ ಯಂತ್ರದಲ್ಲಿ ಹುರಿದುಕೊಡುವವರಿಗೆ ಕೊಡಿ. ಏನನ್ನೂ ಸೇರಿಸಬೇಡಿ ಎಂದು ಹೇಳಿ. ಹುರಿದ ದಿನವೇ ಬಳಸಬೇಡಿ, ಒಂದು ವಾರ ಬಿಡಿ. ಹೊಸದಾಗಿ ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಬರೀ ನೊರೆ ಬಂದು ಕಾಫಿ ಹದಕ್ಕೆ ಬರುವುದಿಲ್ಲ. ಮೇಲಿನ ಡಬ್ಬಿಯನ್ನು ತುಂಬಿಸಿಡಬೇಡಿ, ನಿಮ್ಮ ಕಡೆಯ ಜುಲೈ ತಿಂಗಳಿನಲ್ಲಂತೂ ಆ ದಿನಕ್ಕೆ ಬೇಕಾದಷ್ಟೇ ಹಾಕಿ. ಬೆಲ್ಲದ ಕಾಫಿಯ ಬಾಣಲೆ ಅದರ ಪಾಡಿಗೆ ಒಲೆಯ ಮೇಲಿರಲಿ.

*ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ಆರ್‌ಒ ನೀರು ಹಾಕಿದರೆ ಸಾಕಲ್ಲವೇ?*
— ಐಟಿ ಉದ್ಯೋಗಿ, ವೈಟ್‌ಫೀಲ್ಡ್, ಬೆಂಗಳೂರು

ಬೋರ್‌ವೆಲ್ ನೀರನ್ನು ನೇರವಾಗಿ ಹಾಕಬೇಡಿ. ನಿಮ್ಮ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಗಾರೆಯೇ ಈ ಯಂತ್ರದ ಕಡ್ಡಿಯಷ್ಟು ಸಣ್ಣ ಕೊಳವೆಯಲ್ಲೂ ಕಟ್ಟುತ್ತದೆ. ಗೀಸರು ವರ್ಷಗಟ್ಟಲೆ ತಡೆದೀತು, ಇದು ತಡೆಯದು. ಆರ್‌ಒ ಯಂತ್ರಕ್ಕೆ ಕ್ಷೇಮ, ಆದರೆ ಖನಿಜ ತೀರಾ ಕಡಿಮೆಯಾದರೆ ಕಾಫಿ ಸಪ್ಪೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಖನಿಜದ ಪ್ರಮಾಣ, ಹೊಂದಿಸುವ ತಿರುಪು ನಿಮ್ಮ ಆರ್‌ಒದಲ್ಲಿದ್ದರೆ 100ರ ಆಸುಪಾಸಿಗೆ ತನ್ನಿ. ನೀರಿನ ಗಡಸುತನ ಅಳೆಯುವ ಪಟ್ಟಿ ಅನೇಕ ಯಂತ್ರಗಳ ಜೊತೆಗೇ ಬರುತ್ತದೆ. ಅದ್ದಿ ನೋಡಿ, ಬಂದ ಅಂಕಿಯನ್ನು ಯಂತ್ರಕ್ಕೆ ತಿಳಿಸಿ. ಗಾರೆ ತೆಗೆಯಬೇಕೆಂದು ಅದು ದೀಪ ಹಚ್ಚುವುದು ಆ ಲೆಕ್ಕದ ಮೇಲೆಯೇ. ದೀಪ ಬಂದಾಗ ಕಂಪನಿ ಹೇಳಿದ ದ್ರಾವಣ ಬಳಸಿ. ವಿನೆಗರ್ ಸುರಿಯುವ ಉಪಾಯ ಹೇಳುವವರು ಬಹಳ. ಒಳಗಿನ ರಬ್ಬರ್ ಉಂಗುರಗಳಿಗೆ ಅದು ಒಳ್ಳೆಯದಲ್ಲ, ವಾಸನೆಯೂ ಬೇಗ ಹೋಗುವುದಿಲ್ಲ.

*ಕರೆಂಟು ಹೋದಾಗ ಮನೆಯ ಇನ್ವರ್ಟರಿನಲ್ಲಿ ನಡೆಯುತ್ತದೆಯೇ?*
— ಶಿವಮೊಗ್ಗ

ಇಲ್ಲ. ಇವು ಸುಮಾರು 1,450 ವಾಟ್ ಎಳೆಯುತ್ತವೆ. ಮನೆಗಳಲ್ಲಿ ಸಾಮಾನ್ಯವಾಗಿರುವ 900 ವಿಎ ಇನ್ವರ್ಟರ್ ಅದನ್ನು ಹೊರಲಾರದು. ಕರೆಂಟು ಇದ್ದಾಗಲೂ 16 ಆಂಪಿಯರಿನ ದಪ್ಪ ಪ್ಲಗ್ಗಿನ ಸಾಕೆಟ್ಟೇ ಬೇಕು. ಮೊಬೈಲ್ ಚಾರ್ಜರ್ ಚುಚ್ಚುವ ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ.

*ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಅಲ್ಲಿ ಅಗ್ಗವಂತೆ. ಬರುವಾಗ ಒಂದನ್ನು ತರಲಿ ಎಂದುಕೊಂಡಿದ್ದೇವೆ.*
— ದಾವಣಗೆರೆ

ಬಾದಾಮಿ ತರಲಿ. ಅಲ್ಲಿಯ ಯಂತ್ರ 120 ವೋಲ್ಟಿನದು, ಇಲ್ಲಿ 230. ಇಷ್ಟು ವಾಟಿಗೆ ಟ್ರಾನ್ಸ್‌ಫಾರ್ಮರ್ ಇಟ್ಟರೆ ಅದೇ ಒಂದು ಗೃಹೋಪಯೋಗಿ ವಸ್ತುವಿನಷ್ಟು ಜಾಗ ತಿನ್ನುತ್ತದೆ. ಅದರ ಮೇಲೆ, 60 ಹರ್ಟ್ಸಿಗೆ ಮಾಡಿದ ಪಂಪು ನಮ್ಮ 50 ಹರ್ಟ್ಸಿನಲ್ಲಿ ಸರಿಯಾಗಿ ಒತ್ತುವುದಿಲ್ಲ. ಜರ್ಮನಿಯಿಂದಲೋ ಇಟಲಿಯಿಂದಲೋ ತಂದದ್ದು ನಡೆಯುತ್ತದೆ, ಆದರೆ ವಾರಂಟಿಯ ವಿಚಾರವನ್ನು ತರುವ ಮೊದಲೇ ಕೇಳಿಕೊಳ್ಳಿ.

*ಬೇಸಿಗೆ ರಜೆಗೆ ಒಂದು ತಿಂಗಳು ಊರಿಗೆ ಹೋಗುತ್ತೇವೆ. ಯಂತ್ರವನ್ನು ಹಾಗೇ ಬಿಡಬಹುದೇ?*
— ಮಂಗಳೂರು

ಬೀಜ ತೆಗೆದು ಡಬ್ಬಿಗೆ ಹಾಕಿ, ಫ್ರಿಜ್ಜಿಗೆ ಬೇಡ. ಟ್ಯಾಂಕು, ತಟ್ಟೆ, ಚರಟದ ಪೆಟ್ಟಿಗೆ ಖಾಲಿ ಮಾಡಿ ಒಣಗಿಸಿ. ಬ್ರೂ ಯೂನಿಟ್ ತೊಳೆದು ಹೊರಗೇ ಇಡಿ, ಪಕ್ಕದ ಬಾಗಿಲನ್ನು ಒಂದು ದಿನ ತೆರೆದು ಗಾಳಿಯಾಡಲು ಬಿಟ್ಟು ಆಮೇಲೆ ಮುಚ್ಚಿ. ಪ್ಲಗ್ ಕಿತ್ತು, ಯಂತ್ರವನ್ನು ಪೂರ್ತಿ ಮುಚ್ಚುವಂತೆ ಬಟ್ಟೆಯ ಚೀಲ ಹಾಕಿ. ಬೆಚ್ಚಗಿನ ಮೂಲೆ, ಕಾಫಿಯ ಚೂರು, ತೇವ, ಜಿರಳೆಗೆ ಇನ್ನೇನು ಬೇಕು? ಅವು ಸರ್ಕ್ಯೂಟ್ ಬೋರ್ಡಿನ ಮೇಲೆ ಸಂಸಾರ ಹೂಡಿದ ಯಂತ್ರಗಳು ನನ್ನ ಮೇಜಿಗೆ ಬರುತ್ತವೆ, ವಾರಂಟಿ ಅದಕ್ಕೆ ಅನ್ವಯಿಸುವುದಿಲ್ಲ. ಚರಟವನ್ನು ಹೂಕುಂಡಗಳಿಗೆ ತೆಳ್ಳಗೆ ಉದುರಿಸಿ ಹೋಗಿ, ದಪ್ಪಗೆ ಹಾಕಿದರೆ ಅಲ್ಲಿಯೂ ಬೂಷ್ಟು ಕಟ್ಟುತ್ತದೆ.